ಮೂರನೇ ಗ್ಯಾಲರಿಯ ಕಿವಿ

ಸೆಪ್ಟೆಂಬರ್ 6

ಮಗಳೇ,

ಶನಿವಾರದ ಫುಟ್‌ಬಾಲ್ ಕಾಮೆಂಟರಿಯಲ್ಲಿ ನೀನು ರೇಡಿಯೋದಲ್ಲಿ ಆಡಿದ ಒಂದೇ ಒಂದು ವಾಕ್ಯಕ್ಕೆ ಈವರೆಗೆ ತಗುಲಿದ ಖರ್ಚನ್ನು ಬರೆಯುತ್ತೇನೆ. ಗ್ಯಾಲರಿಯ ಕಂಬಿಗೆ ಕಟ್ಟಿದ್ದ ರೇಡಿಯೋ, ನಮ್ಮ ಬಸ್ ಕಂಡಕ್ಟರ್ ಒದ್ದದ್ದರಿಂದ ಹೋಯಿತು. ಒದ್ದ ಕಾಲಿನ ಹೆಬ್ಬೆರಳಿನ ಉಗುರು, ಅದೂ ಹೋಯಿತು. ನಾನೇ ಕೈಯಾರೆ ಹೊಲಿದುಕೊಟ್ಟ ಕುಶನ್‌ಗಳು ಒಂದಷ್ಟು ಮೈದಾನದೊಳಕ್ಕೆ ಹಾರಿದವು, ವಾಪಸ್ ಬರಲಿಲ್ಲ. ಸಲೂನಿನವನು ನಿನ್ನೆ ನನ್ನ ತಲೆಗೆ ಕತ್ತರಿ ಹಾಕುತ್ತಿದ್ದಾಗ ಮಾತಿಗೆ ಮಾತು ಬೆಳೆದು, ಕತ್ತರಿ ಕೆಳಗಿಟ್ಟು ಒಳಗೆ ಹೋಗಿಬಿಟ್ಟ. ನನ್ನ ಎಡಗಿವಿಯ ಮೇಲಿನ ಕೂದಲು ಇನ್ನೂ ಹಾಗೇ ನಿಂತಿದೆ. ನಿನ್ನ ಅಮ್ಮ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಇದನ್ನು ಯಾವ ಕಡೆ ಬರೆಯಬೇಕೋ ಇನ್ನೂ ಗೊತ್ತಾಗಿಲ್ಲ.

ಫೋನ್ ಯಾಕೆ ಮಾಡಲಿಲ್ಲ ಎಂದರೆ, ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೇ ಮಾತಾಡುತ್ತೇವೆ. ಪತ್ರದಲ್ಲಾದರೆ ಒಬ್ಬರು ಮುಗಿಸುವ ತನಕ ಇನ್ನೊಬ್ಬರು ಬಾಯಿ ಮುಚ್ಚಿಕೊಂಡಿರಲೇಬೇಕು. ಮೊದಲ ಸರದಿ ನನ್ನದು.

ನೀನು ಹೇಳಿದ್ದು ಇದು: "ಅಗುಳಿಗೆ ವಯಸ್ಸಾಗಿದೆ. ಈ ಚೆಂಡನ್ನು ಬೇರೆ ಯಾರು ನಿಂತಿದ್ದರೂ ಹಿಡಿಯುತ್ತಿದ್ದರು." ಗೋಲಿನ ಮುಂದೆ ನಿಂತವನಿಗೆ ಜನ ಅಗುಳಿ ಅಂತ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಅವನು ನಿಂತರೆ ಬಾಗಿಲು ಹಾಕಿದ ಹಾಗೆ. ವಾರವೆಲ್ಲ ಊರಿನ ಗೋಡೆಗಳಿಗೆ ಬಣ್ಣ ಬಳಿದು, ಶನಿವಾರ ಉಗುರಿನ ಸಂದಿಯ ಬಣ್ಣ ಸಮೇತ ಕೈಗವಸು ಹಾಕಿಕೊಂಡು ನಮಗೋಸ್ಕರ ನೆಲಕ್ಕೆ ಬೀಳುವ ಮನುಷ್ಯ. ಅವನ ಬಗ್ಗೆ ನಾವು ಬೇಕಾದ್ದು ಅಂದುಕೊಳ್ಳುತ್ತೇವೆ, ಅದು ಮನೆಯ ಮಾತು. ರೇಡಿಯೋದಲ್ಲಿ ಅಂದರೆ ಎದುರಾಳಿ ಊರಿನವರೂ ಕೇಳುತ್ತಾರೆ.

ಅದೂ ನೀನು ಅಂದದ್ದು. ಬೇರೆ ಯಾವನಾದರೂ ಅಂದಿದ್ದರೆ ಬೈದು ಮರೆಯುತ್ತಿದ್ದರು. ಮೂರನೇ ಗ್ಯಾಲರಿಯಲ್ಲಿ ಬೆಳೆದ ಹುಡುಗಿ, ಮೂರನೇ ಗ್ಯಾಲರಿ ಸಂಘದ ಅಧ್ಯಕ್ಷನ ಮಗಳು ಅಂದಳಲ್ಲ, ಅದು ಅವರ ನೋವು.

ನಾನು ಕೇಳುವುದು ದೊಡ್ಡದೇನಲ್ಲ. ಮುಂದಿನ ಶನಿವಾರ ಆಟ ಶುರುವಾಗುವ ಮುಂಚೆ, ಹವಾಮಾನ ಹೇಳುವ ಜಾಗದಲ್ಲಿ, "ಕಳೆದ ವಾರ ಒಂದು ಮಾತು ಜಾಸ್ತಿ ಆಡಿದೆ" ಅಂತ ಹಾಗೇ ತೇಲಿಸಿ ಬಿಡು. ಮಿಕ್ಕದ್ದು ನಾನು ನೋಡಿಕೊಳ್ಳುತ್ತೇನೆ. ಸೋಫಾ ಬಟ್ಟೆ ಹರಿದಾಗ ಹೊಲಿಗೆ ಕಾಣದ ಹಾಗೆ ತೇಪೆ ಹಾಕುವುದೇ ನನ್ನ ಕಸುಬು.

ನಿನ್ನ ಅಪ್ಪ

~

ಸೆಪ್ಟೆಂಬರ್ 11

ಅಪ್ಪ,

ಕಂಡಕ್ಟರ್ ಮಾಮನ ಉಗುರಿಗೆ ನನ್ನ ಸಂತಾಪ ತಿಳಿಸು.

ನಾನು ಕಂಡದ್ದು ಹೇಳುತ್ತೇನೆ. ಚೆಂಡು ಅಗುಳಿ ಮಾಮನ ಎಡಕ್ಕೆ ಬಂತು, ಅಂಥ ಜೋರೂ ಇರಲಿಲ್ಲ. ಅವರು ಬಿದ್ದರು. ಅವರು ನೆಲ ಮುಟ್ಟುವ ಮೊದಲೇ ಚೆಂಡು ಬಲೆ ಮುಟ್ಟಿತ್ತು. ಕಳೆದ ವರ್ಷದಿಂದ ಎಡಕ್ಕೆ ಬಂದ ಚೆಂಡೆಲ್ಲ ಹೀಗೇ ಆಗುತ್ತಿದೆ. ಕೇಳುಗರು ನನ್ನನ್ನು ಕೇಳುವುದು ಯಾಕೆ? ಅವರಿಗೆ ಕಾಣದ್ದನ್ನು ನಾನು ನೋಡುತ್ತೇನೆ ಅಂತ.

ನೆನಪಿರಲಿ, ಅದು ಬಲಗಡೆಯ ಗೋಲು. ಕ್ಲಬ್‌ನವರು ಆ ಬಟ್ಟೆ ಬದಲಿಸುವ ಕೋಣೆಗಳ ಕಟ್ಟಡ ಎಬ್ಬಿಸಿದ ದಿನದಿಂದ ಮೂರನೇ ಗ್ಯಾಲರಿಗೆ ಆ ಗೋಲು ಕಾಣುವುದೇ ಇಲ್ಲ. ಅರ್ಧ ಆಟ ನಿಮಗೆ ಕಣ್ಣಲ್ಲಿ, ಅರ್ಧ ಆಟ ಕಿವಿಯಲ್ಲಿ. ಕಾಣದವರೆಲ್ಲ ಸೇರಿಕೊಂಡು ಕಂಡವಳ ಮೇಲೆ ಸಿಟ್ಟಾಗಿದ್ದೀರಿ.

ಆಟದ ಕಾಮೆಂಟರಿ ರೇಡಿಯೋದಲ್ಲಿ ಬರುವ ಮುಂಚೆ, ನಾನು ಚಿಕ್ಕವಳಿದ್ದಾಗ, ಆ ಕಟ್ಟಡದ ಮೂಲೆಯ ನೀರಿನ ಟ್ಯಾಂಕಿನ ಮೇಲೆ ನನ್ನನ್ನು ಹತ್ತಿಸಿ, "ಕಂಡದ್ದು ಹೇಳು, ಕೂಗಿ ಹೇಳು, ಕೊನೇ ಸಾಲಿನವರಿಗೂ ಕೇಳಬೇಕು" ಅಂದವನು ನೀನು. ನಾನು ಈಗಲೂ ಅದನ್ನೇ ಮಾಡುತ್ತಿದ್ದೇನೆ. ಟ್ಯಾಂಕಿನ ಬದಲು ಗಾಜಿನ ಕೋಣೆ ಅಷ್ಟೆ.

ಮಾತು ವಾಪಸ್ ತೆಗೆದುಕೊಳ್ಳುವುದಿಲ್ಲ. ಅಗುಳಿ ಮಾಮನಿಗೆ ಫೋನ್ ಮಾಡಿದ್ದೆ, ಎತ್ತಲಿಲ್ಲ. ಏಣಿಯ ಮೇಲಿದ್ದರೇನೋ.

ಅಮ್ಮನಿಗೆ ನನ್ನ ನೆನಪು ಹೇಳು. ಮಾತು ಬಿಟ್ಟಿದ್ದಾಳೆ ಅಂತೀಯ, ನೀನೇ ಮಾತಾಡಿಸು.

ನಿನ್ನ ಮಗಳು

~

ಸೆಪ್ಟೆಂಬರ್ 19

ಮಗಳೇ,

ನಿನ್ನೆ ಭಾನುವಾರ ಸಂಘದ ಸಭೆ ನನ್ನ ಅಂಗಡಿಯಲ್ಲೇ ನಡೆಯಿತು. ಕುರ್ಚಿಗಳೆಲ್ಲ ಗಿರಾಕಿಗಳವು, ಅರ್ಧಂಬರ್ಧ ಬಿಚ್ಚಿದವು. ಸ್ಪ್ರಿಂಗ್ ಚುಚ್ಚಿದರೆ ಬೇಗ ಮುಗಿಸುತ್ತಾರೆ ಎಂಬ ಲೆಕ್ಕದಲ್ಲಿ ಕೆಟ್ಟ ಕುರ್ಚಿಗಳನ್ನೇ ಆರಿಸಿ ಕೊಟ್ಟಿದ್ದೆ. ಯಾರೂ ಏಳಲಿಲ್ಲ.

ಕಂಡಕ್ಟರ್ ಕಾಲಿಗೆ ಬಟ್ಟೆ ಸುತ್ತಿಕೊಂಡು ಬಂದಿದ್ದ. ಬಸ್ಸಿನಲ್ಲಿ ಹಿಂದಿನವರನ್ನು ಮುಂದಕ್ಕೆ ತಳ್ಳುವ ಧ್ವನಿಯಲ್ಲಿ, "ಎರಡೇ ವಿಷಯ. ಒಂದು, ಇನ್ಮೇಲೆ ಗ್ಯಾಲರಿಯಲ್ಲಿ ರೇಡಿಯೋ ಹಾಕೋ ಹಾಗಿಲ್ಲ. ಎರಡು, ಆ ಹುಡುಗೀನ ಕಾಮೆಂಟರಿಯಿಂದ ತೆಗೀಬೇಕು ಅಂತ ಸ್ಟೇಷನ್ನಿಗೆ ಅರ್ಜಿ" ಅಂದ.

ಸಲೂನಿನವನು, "ಆ ಹುಡುಗಿ ಅಂದ್ರೆ ಯಾರು? ಹೆಸರು ಹೇಳಪ್ಪ. ಅವಳಪ್ಪ ಇಲ್ಲೇ ಕೂತಿದಾನೆ, ಹೆದರ್ಕೊಂಡ್ಯಾ?" ಅಂದ.

"ಹೆದರಿಕೆ ಏನು ಬಂತು. ಕುಶನಣ್ಣ ನ್ಯಾಯಸ್ಥ. ಮಗಳು ಅಂತ ಪಕ್ಷ ಕಟ್ಟೋರಲ್ಲ. ಏನಂತೀರ?"

ನೋಡು, ಹೀಗೆ ಹೊಗಳಿ ಕಟ್ಟಿಹಾಕಿದರು. ಬೈದಿದ್ದರೆ ತಿರುಗಿ ಬೈದು ತಪ್ಪಿಸಿಕೊಳ್ಳುತ್ತಿದ್ದೆ. ಆಸ್ಪತ್ರೆಯ ನರ್ಸಮ್ಮ ಒಬ್ಬರೇ, "ಅಣ್ಣಾ, ಇದು ಬೇಡ ಅನ್ಸುತ್ತೆ. ಅಗುಳೀನ ಒಂದ್ಸಲ ಕೇಳಿ ನೋಡಬಹುದಿತ್ತು" ಅಂದರು. "ಅವನನ್ನ ಏನು ಕೇಳೋದು, ಅವನು ಮೊದಲೇ ನೊಂದಿದಾನೆ" ಅಂತ ಕಂಡಕ್ಟರ್ ಅವರ ಬಾಯಿ ಮುಚ್ಚಿಸಿದ.

ಅರ್ಜಿ ಬರೆಯುವುದು ನನ್ನ ಪಾಲಿಗೇ ಬಂತು, ಅಕ್ಷರ ಚೆನ್ನಾಗಿದೆ ಅಂತ. ನಾನು ಅದನ್ನೇ ಬಯಸಿದ್ದೆ. ಬೇರೆಯವರ ಕೈಗೆ ಹೋದರೆ ಏನೇನು ಬರೆಯುತ್ತಿದ್ದರೋ. ನಾನು ಎಷ್ಟು ಮೆತ್ತಗೆ ಬರೆದಿದ್ದೇನೆ ಎಂದರೆ, ಓದಿದವರಿಗೆ ಇದು ದೂರೋ ಅಭಿನಂದನೆಯೋ ಗೊತ್ತಾಗಬಾರದು. ಒಳಗೆ ಬರೀ ಫೋಮ್, ಮೊಳೆ ಒಂದೂ ಇಲ್ಲ. ಆಮೇಲೆ ಕೆಳಗೆ ಸಹಿ ಹಾಕಿದೆ. ಅಧ್ಯಕ್ಷ ಸಹಿ ಹಾಕದೆ ಇರಲಾಗುವುದಿಲ್ಲ. ಹಾಕದಿದ್ದರೆ ಕಂಡಕ್ಟರ್ ಅಧ್ಯಕ್ಷನಾಗುತ್ತಾನೆ, ಅವನ ಅರ್ಜಿಯಲ್ಲಿ ಮೊಳೆ ಬಿಟ್ಟು ಬೇರೇನೂ ಇರುವುದಿಲ್ಲ.

ಇಂಥ ಅರ್ಜಿಗಳನ್ನು ಸ್ಟೇಷನ್ನಿನಲ್ಲಿ ಯಾರು ಓದುತ್ತಾರೆ ಬಿಡು. ನಿನಗೆ ಬೇರೆಯವರಿಂದ ಗೊತ್ತಾಗಬಾರದು ಅಂತ ನಾನೇ ಬರೆದೆ.

ಅಪ್ಪ

~

ಸೆಪ್ಟೆಂಬರ್ 25

ಮೂರನೇ ಗ್ಯಾಲರಿ ಸಂಘದ ಅಧ್ಯಕ್ಷರಿಗೆ,

ತಾವು ದಯವಿಟ್ಟು ಕಳಿಸಿದ ಪತ್ರ ತಲುಪಿದೆ. ತಮ್ಮ ಸಹಿ ನನಗೆ ಚೆನ್ನಾಗಿ ಪರಿಚಯ. ನನ್ನ ಶಾಲೆಯ ಅಂಕಪಟ್ಟಿಗಳ ಕೆಳಗೆಲ್ಲ ಅದೇ ಇದೆ.

ರೇಡಿಯೋ ಬಿಟ್ಟರೆ ಬಲಗಡೆಯ ಗೋಲನ್ನು ತಮಗೆ ಯಾರು ತೋರಿಸುತ್ತಾರೆ ಎಂದು ಕೇಳಬಹುದೇ? ಟ್ಯಾಂಕಿನ ಮೇಲೆ ಯಾರನ್ನು ಹತ್ತಿಸಿದರೂ, ನೋಡಿ ಮುಗಿಸಿದ ಮೇಲೆ ಬಾಯಿ ತೆರೆಯುವವರನ್ನು ಹತ್ತಿಸಿ. ಅಷ್ಟು ಮಾತ್ರ ನನ್ನ ವಿನಂತಿ.

ತಾವು ಕೇಳದಿದ್ದರೂ ಇನ್ನೂ ವರದಿ ಮಾಡುತ್ತಿರುವ,
ಕಾಮೆಂಟರಿಯವಳು

~

ಅಕ್ಟೋಬರ್ 10

ಮಗಳೇ,

'ತಾವು' ಎಂಬುದನ್ನು ಓದಿದ ಮೇಲೆ ಹತ್ತು ಹನ್ನೆರಡು ದಿನ ಬರೆಯಲು ಕೈ ಬರಲಿಲ್ಲ. ಇಲ್ಲಿನ ಸುದ್ದಿ ಬರೆಯುತ್ತೇನೆ.

ರೇಡಿಯೋ ಇಲ್ಲದ ಗ್ಯಾಲರಿ ಹೇಗಿರುತ್ತದೆ ಎಂದರೆ, ಕರೆಂಟು ಹೋದ ಮನೆಯಲ್ಲಿ ಎಲ್ಲರೂ ಎಚ್ಚರ ಇದ್ದ ಹಾಗೆ. ಚೆಂಡು ಕಟ್ಟಡದ ಆ ಕಡೆಗೆ ಹೋದ ಕೂಡಲೇ ಜನ ಪಕ್ಕದವರ ಮುಖ ನೋಡುತ್ತಾರೆ. ಪಕ್ಕದವರೂ ಇವರ ಮುಖವನ್ನೇ ನೋಡುತ್ತಿರುತ್ತಾರೆ.

ಟ್ಯಾಂಕಿನ ಮೇಲೆ ಕಂಡಕ್ಟರ್ ಹತ್ತಿದ. ನಾನು ಬೇಡ ಅಂದೆ. ಧ್ವನಿ ದೊಡ್ಡದು, ಕೆಲಸ ಕೊಡದಿದ್ದರೆ ಬಾಯಿ ಇನ್ನೂ ದೊಡ್ಡದಾಗುತ್ತದೆ ಅಂತ ಉಳಿದವರು ಹೂಂ ಅಂದರು. ಮೊದಲನೇ ಶನಿವಾರ ತನ್ನ ಬಸ್ಸಿನ ಸೀಟಿಯನ್ನೇ ತಂದಿದ್ದ. ಚೆಂಡು ಗೋಲಿನ ಹತ್ತಿರ ಬಂದ ತಕ್ಷಣ ಊದಿದ. ಎರಡೂ ತಂಡದವರು ನಿಂತಲ್ಲೇ ನಿಂತರು. ರೆಫರಿ ತಮ್ಮ ಸೀಟಿಯನ್ನು ಬಾಯಿಂದ ತೆಗೆದು ಅದನ್ನೇ ನೋಡಿಕೊಂಡರು, ಊದಿದ್ದು ತಾವೇ ಏನೋ ಅಂತ. ಆಮೇಲೆ ಕಾವಲಿನವರು ಬಂದು ಸೀಟಿ ಕಿತ್ತುಕೊಂಡು ಹೋದರು. ಸೋಮವಾರ ಅವನ ಬಸ್ಸು ಸೀಟಿ ಇಲ್ಲದೆ, ಬಾಗಿಲು ಬಡಿದುಕೊಂಡು ಓಡಾಡಿತು.

ಅದಕ್ಕೆ ನಾನು ಎರಡು ಕುಶನ್ ಹೊಲಿದುಕೊಟ್ಟೆ. ಒಂದಕ್ಕೆ ಕೆಂಪು ರೆಕ್ಸಿನ್, ಒಂದಕ್ಕೆ ಕಪ್ಪು. ಅಗುಳಿ ಚೆಂಡು ಹಿಡಿದರೆ ಕೆಂಪು ಎತ್ತಬೇಕು, ಗೋಲಾದರೆ ಕಪ್ಪು. ಮೊನ್ನೆಯ ಆಟದಲ್ಲಿ ಕೆಂಪು ಮೂರು ಸಲ ಎದ್ದಿತು, ಕಪ್ಪು ಏಳಲೇ ಇಲ್ಲ, ಗೆದ್ದೆವು. ಕಂಡಕ್ಟರ್ ಈಗ ಊರ ತುಂಬ ಎದೆ ಎತ್ತಿಕೊಂಡು ನಡೆಯುತ್ತಾನೆ. "ನೋಡಿದ್ರಾ, ರೇಡಿಯೋ ಇಲ್ದೇನೂ ಬದುಕಬಹುದು" ಅನ್ನುತ್ತಾನೆ.

ಇನ್ನೊಂದು ವಿಷಯ, ನಿನ್ನಲ್ಲೇ ಇರಲಿ. ಹೊರ ಊರಿನ ಆಟ ನಡೆದ ದಿನ ನಾನು ಅಂಗಡಿಯಲ್ಲಿ ಚಿಕ್ಕ ರೇಡಿಯೋವನ್ನು ಒಂದು ಸೋಫಾದ ಹೊಟ್ಟೆಯೊಳಗೆ ಇಟ್ಟು, ಮೇಲೆ ಬಟ್ಟೆ ಎಳೆದು, ಕೆಲಸ ಮಾಡುವವನ ಹಾಗೆ ಕಿವಿ ಆನಿಸಿ ಕೂತಿದ್ದೆ. ಸಲೂನಿನವನು ಬಂದವನು ನೇರ ಅದರ ಮೇಲೇ ಕೂತ. ನೀನು ಅವನ ಕೆಳಗಿನಿಂದ, "ಕಾರ್ನರ್ ಕಿಕ್" ಅಂದೆ. ಅವನು ಏಳಲಿಲ್ಲ. "ಸ್ವಲ್ಪ ಜೋರು ಮಾಡಪ್ಪ, ಸರಿಯಾಗಿ ಕೇಳ್ತಾ ಇಲ್ಲ" ಅಂದ. ನನ್ನ ಎಡಗಿವಿಯ ಕೂದಲನ್ನು ಮಾರನೇ ದಿನ ಅವನೇ ಕರೆದು ಕತ್ತರಿಸಿದ.

ಜನ ಕರಗುತ್ತಾರೆ ಮಗಳೇ. ಸ್ವಲ್ಪ ಸಮಯ ಕೊಡು.

ಅಪ್ಪ

~

ಅಕ್ಟೋಬರ್ 12

ಅಪ್ಪ,

ಸಮಯ ಇಲ್ಲ. ಅರ್ಜಿಯನ್ನು ಅವರು ಓದಿದ್ದಾರೆ. ಜಾಹೀರಾತು ಕೊಡುವ ಟೈರ್ ಕಂಪನಿಯವರೂ ಓದಿದ್ದಾರೆ. ನೀನು ಎಷ್ಟು ಮೆತ್ತಗೆ ಬರೆದಿದ್ದೀಯೋ, ಅವರಿಗೆ ಅದು ಅಷ್ಟೇ ಭಾರವಾಗಿ ಕಂಡಿದೆ. "ನಿಮ್ಮ ತಂದೆಯವರೇ ಎಷ್ಟು ಸಂಯಮದಿಂದ ಬರೆದಿದ್ದಾರೆ ನೋಡಿ, ಇದು ಸಿಟ್ಟಿನ ಕಾಗದ ಅಲ್ಲ" ಅಂದರು ಸ್ಟೇಷನ್ ಮ್ಯಾನೇಜರ್. ಬೈದು ಬರೆದಿದ್ದರೆ ಕಸದ ಬುಟ್ಟಿಗೆ ಹೋಗುತ್ತಿತ್ತಂತೆ.

ಶನಿವಾರದ ಆಟ ಮುಗಿದ ಮೇಲೆ ತೀರ್ಮಾನ ಮಾಡುತ್ತಾರೆ. ಅದಕ್ಕೆ ಮೊದಲು ನಿನ್ನಿಂದ ಒಂದೇ ಸಾಲು ಬೇಕು. "ನನ್ನ ಸಹಿ ವಾಪಸ್ ತೆಗೆದುಕೊಂಡಿದ್ದೇನೆ" ಅಂತ. ಸಂಘದ ಪರವಾಗಿ ಬೇಡ, ನಿನ್ನದು ಸಾಕು. ಶನಿವಾರ ನಾನು ಅದೇ ಮೈದಾನದಲ್ಲಿರುತ್ತೇನೆ, ಗಾಜಿನ ಕೋಣೆಯಲ್ಲಿ. ಕೈಗೇ ತಂದುಕೊಟ್ಟರೂ ಆಗುತ್ತದೆ.

ಕೇಳುವುದು ನನಗೆ ಕಷ್ಟ. ಕೇಳಿದ್ದೇನೆ.

ಮಗಳು

~

ಅಕ್ಟೋಬರ್ 17

ಮಗಳೇ,

ನಿನ್ನ ಪತ್ರ ಶುಕ್ರವಾರ ಬಂತು. ಅವತ್ತೇ ಆ ಒಂದು ಸಾಲು ಬರೆದು, ಮಡಿಸಿ, ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದೆ. ಈಗಲೂ ಅಲ್ಲೇ ಇದೆ.

ಯಾಕೆ ಕೊಡಲಿಲ್ಲ ಎಂದರೆ, ನನ್ನೊಬ್ಬನ ಸಹಿ ವಾಪಸ್ ತೆಗೆದರೆ ಅಪ್ಪ ಮಗಳ ಪಕ್ಷ ಕಟ್ಟಿದ ಅಂತಾಗುತ್ತದೆ, ಇಡೀ ಗ್ಯಾಲರಿಯಿಂದಲೇ ವಾಪಸ್ ತೆಗೆಸಿದರೆ ನಿನಗೆ ಮರ್ಯಾದೆ ಅಂತ ನನ್ನ ಎಣಿಕೆ. ಈ ಆಟ ಗೆದ್ದರೆ ಜನ ಖುಷಿಯಲ್ಲಿರುತ್ತಾರೆ, ಆಗ ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತಾರೆ, ಎಲ್ಲರನ್ನೂ ಕರೆದುಕೊಂಡು ನಿನ್ನ ಗಾಜಿನ ಕೋಣೆಗೆ ಬರೋಣ ಅಂದುಕೊಂಡಿದ್ದೆ. ಇಷ್ಟು ವರ್ಷ ಗಿರಾಕಿಗಳ ಜೊತೆ ಹೀಗೇ ಮಾಡಿಕೊಂಡು ಬಂದಿದ್ದೇನೆ. ಗಿರಾಕಿ ನಗುವ ತನಕ ಬೆಲೆ ಹೇಳುವುದಿಲ್ಲ.

ಆಟದಲ್ಲಿ ಏನಾಯಿತು ಅಂತ ನಿನಗೆ ನಿನ್ನ ಕಡೆಯಿಂದ ಗೊತ್ತು. ನಮ್ಮ ಕಡೆಯಿಂದ ಹೇಗಿತ್ತು ಅಂತ ಕೇಳು.

ದ್ವಿತೀಯಾರ್ಧ. ಅಗುಳಿ ಬಲಗಡೆಯ ಗೋಲಿಗೆ ಹೋದ, ಅಂದರೆ ನಮ್ಮ ಕಣ್ಣಿನಿಂದ ಮರೆಯಾದ. ಎರಡು ಕಡೆಯೂ ಗೋಲಿಲ್ಲ. ಚೆಂಡು ಕಟ್ಟಡದ ಹಿಂದೆ ಹೋಯಿತು. ನಾವೆಲ್ಲ ಟ್ಯಾಂಕಿನ ಕಡೆ ನೋಡುತ್ತಿದ್ದೇವೆ. ಕಂಡಕ್ಟರ್ ತುದಿಗಾಲಲ್ಲಿ ನಿಂತಿದ್ದಾನೆ. ಒಮ್ಮೆಲೇ ಕೆಂಪು ಕುಶನ್ ಎತ್ತಿದ.

ಹಿಡಿದ ಅಂತ ಅರ್ಥ. ಗ್ಯಾಲರಿ ಎದ್ದು ನಿಂತಿತು. ನಾನೂ ಎದ್ದೆ. ಅಂಥ ಕೂಗು ನಾವು ಯಾವತ್ತೂ ಕೂಗಿಲ್ಲ. ರೇಡಿಯೋ ಇಲ್ಲದೆ ಇಷ್ಟು ದಿನ ಒಳಗೆ ಕಟ್ಟಿಕೊಂಡದ್ದೆಲ್ಲ ಒಂದೇ ಸಲ ಹೊರಗೆ ಬಂತು. ನರ್ಸಮ್ಮ ಕುಣಿಯುತ್ತಿದ್ದರು. ಸಲೂನಿನವನು ನನ್ನ ಬೆನ್ನಿಗೆ ಗುದ್ದುತ್ತಿದ್ದ. "ಅಗುಳಿ, ಅಗುಳಿ" ಅಂತ ಶುರು ಮಾಡುವಷ್ಟರಲ್ಲಿ ನೋಡಿದರೆ ಕಂಡಕ್ಟರ್ ಟ್ಯಾಂಕಿನ ಮೇಲೆ ಎರಡೂ ಕೈ ಬೀಸುತ್ತಿದ್ದಾನೆ, ಕಪ್ಪು ಕುಶನ್ ಕೈಯಿಂದ ಜಾರಿ ಕೆಳಗೆ ಬಿದ್ದಿದೆ. ಆ ಗದ್ದಲದಲ್ಲಿ ಅವನ ಧ್ವನಿ ಯಾರಿಗೂ ಕೇಳಲಿಲ್ಲ. ನಾವು ಇನ್ನೂ ಕೂಗುತ್ತಲೇ ಇದ್ದೆವು.

ಅಗುಳಿಯ ಕೈಗೆ ಚೆಂಡು ಬಂದದ್ದು ನಿಜ. ಆಗಲೇ ಕಂಡಕ್ಟರ್ ಕೆಂಪು ಎತ್ತಿದ್ದು. ಆಮೇಲೆ ಚೆಂಡು ಅವನ ಎದೆಯ ಕೆಳಗಿಂದ ನಿಧಾನವಾಗಿ ಉರುಳಿ ಗೆರೆ ದಾಟಿತಂತೆ. ಬಸ್ಸಿನಲ್ಲೂ ಕಂಡಕ್ಟರ್ ಹೀಗೇ. ಕೊನೆಯವರ ಒಂದು ಕಾಲು ಇನ್ನೂ ನೆಲದ ಮೇಲಿರುವಾಗಲೇ "ರೈಟ್" ಅನ್ನುವವನು. ಟೈಮಿಗೆ ಬಸ್ಸು ಓಡಿಸಿ ಓಡಿಸಿ, ಮುಗಿಯುವ ಮೊದಲೇ ಮುಗಿಯಿತು ಅನ್ನುವುದು ಅವನ ಕೈಗೆ ಅಂಟಿಕೊಂಡಿದೆ.

ನಾವು ಅಗುಳಿಗೋಸ್ಕರ ಕೂಗಿದೆವು. ಅಗುಳಿಗೆ ಕೇಳಿಸಿದ್ದು ಏನು ಅಂತ ನೀನು ರೇಡಿಯೋದಲ್ಲಿ ಹೇಳಿದೆಯಂತೆ. "ಗೋಲ್‌ಕೀಪರ್ ನೆಲದ ಮೇಲೆ, ಚೆಂಡು ಬಲೆಯಲ್ಲಿ, ಮೂರನೇ ಗ್ಯಾಲರಿ ಎದ್ದು ನಿಂತು ಸಂಭ್ರಮಿಸುತ್ತಿದೆ." ಒಂದು ಅಕ್ಷರವೂ ಸುಳ್ಳಲ್ಲ. ಅವನು ಎದ್ದು, ಕೈಗವಸು ಬಿಚ್ಚಿ, ಗೋಲಿನ ಕಂಬದ ಬುಡದಲ್ಲಿ ಜೋಡಿಸಿಟ್ಟು ಹೊರಗೆ ನಡೆದದ್ದು ಆಮೇಲೆ. ಅವನು ಆಟ ಬಿಟ್ಟು ಹೋದ ಅಂತ ನಮಗೆ ಗೊತ್ತಾದದ್ದು, ಬ್ಯಾಕ್ ಆಡುವವನೊಬ್ಬ ಕೈಗವಸು ಹಾಕಿಕೊಂಡದ್ದನ್ನು ಟ್ಯಾಂಕಿನ ಮೇಲಿಂದ ಕಂಡಕ್ಟರ್ ಅಳುತ್ತ ಕೂಗಿದಾಗ.

ಊರಲ್ಲಿ ಈಗ ನಾವು ನಮ್ಮವನು ಬಿದ್ದಾಗ ಕುಣಿದವರು. ಕಂಡಕ್ಟರನ ಬಸ್ಸಿನಲ್ಲಿ ಜನ ಅವನಿಂದ ಟಿಕೆಟ್ ಇಸಿದುಕೊಳ್ಳುವಾಗ ಮುಖ ನೋಡುವುದಿಲ್ಲ. ನಾವು ಹೇಳಿದರೆ ಯಾರೂ ನಂಬುತ್ತಿಲ್ಲ. ನೀನು ಹೇಳಿದರೆ ನಂಬುತ್ತಾರೆ. ಆ ಕಟ್ಟಡ, ಆ ಟ್ಯಾಂಕು, ಅಲ್ಲಿಂದ ಏನು ಕಾಣುತ್ತದೆ ಏನು ಕಾಣುವುದಿಲ್ಲ ಅಂತ ರೇಡಿಯೋದಲ್ಲಿ ಬಲ್ಲವಳು ನೀನೊಬ್ಬಳೇ. ಮುಂದಿನ ಶನಿವಾರ ಒಂದು ಮಾತು ಹೇಳು. ಅವರಿಗೆ ಕಾಣುವುದಿಲ್ಲ ಅಂತ ಅಷ್ಟೇ ಹೇಳು.

ನಿನ್ನ ಅಪ್ಪ

~

ಅಕ್ಟೋಬರ್ 21

ಅಪ್ಪ,

ಮುಂದಿನ ಶನಿವಾರ ನಾನು ಇರುವುದಿಲ್ಲ. ಆಟ ಮುಗಿದ ಕೂಡಲೇ ಮ್ಯಾನೇಜರ್ ಕಾಗದ ಕೊಟ್ಟರು. ಅದರಲ್ಲಿ ನಿಮ್ಮ ಅರ್ಜಿಯ ವಾಕ್ಯಗಳೇ ಇದ್ದವು. "ಕೇಳುಗರ ಭಾವನೆಗಳಿಗೆ ಇನ್ನಷ್ಟು ಹತ್ತಿರವಾಗುವ ದೃಷ್ಟಿಯಿಂದ." ಓದುವಾಗ ನಿನ್ನ ಧ್ವನಿಯಲ್ಲೇ ಕೇಳಿಸಿತು.

ನೀನು ಕೇಳದ ಪ್ರಶ್ನೆಗೂ ಉತ್ತರ ಕೊಡುತ್ತೇನೆ. ಗ್ಯಾಲರಿ ಕೂಗಿದಾಗ ನನಗೆ ಗೊತ್ತಾಯಿತು. ಕೂಡಲೇ ಗೊತ್ತಾಯಿತು. ಟ್ಯಾಂಕಿನ ಮೇಲೆ ಕೆಂಪು ಕಂಡಿತ್ತು. ಅವರಿಗೆ ಕಾಣುವುದಿಲ್ಲ ಅಂತ ಹೇಳುವುದಕ್ಕೆ ಒಂದು ಉಸಿರಿನಷ್ಟು ಜಾಗ ಇತ್ತು. ಅಷ್ಟರಲ್ಲಿ ಅಗುಳಿ ಮಾಮ ಕೈಗವಸು ಬಿಚ್ಚತೊಡಗಿದರು, ನಾನು ಅದನ್ನು ಹೇಳುತ್ತ ಹೋದೆ. ಆಟ ಮುಗಿದ ಮೇಲಿನ ಮಾತಿನಲ್ಲಿ ಹೇಳೋಣ ಅಂದುಕೊಂಡೆ. ಆಟ ಮುಗಿದ ಮೇಲೆ ಮೈಕು ನನ್ನದಾಗಿರಲಿಲ್ಲ.

ಮರೆತೆನೋ, ಬಿಟ್ಟೆನೋ, ನನ್ನನ್ನು ಕೇಳಬೇಡ. ನೀನು ಜೇಬಿನಲ್ಲಿ ಇಟ್ಟುಕೊಂಡೆಯಲ್ಲ, ನಾನೂ ಬಾಯಲ್ಲಿ ಇಟ್ಟುಕೊಂಡೆ.

ಅವತ್ತು ಮೈದಾನದ ಬಾಗಿಲ ಹತ್ತಿರ ನೀನು ಬರುತ್ತೀಯೇನೋ ಅಂತ ಸ್ಟೇಷನ್ನಿನ ವ್ಯಾನಿನವರನ್ನು ಸ್ವಲ್ಪ ಹೊತ್ತು ಕಾಯಿಸಿದೆ.

ಮುಂದೇನು ಅಂತ ಅವರು ಹೇಳಿಲ್ಲ. ಕೆಲವು ದಿನ ನಾನು ಬರೆಯುವುದಿಲ್ಲ. ಅಮ್ಮನಿಗೆ ನಾನೇ ಫೋನ್ ಮಾಡುತ್ತೇನೆ.

ಮಗಳು

~

ನವೆಂಬರ್ 7

ಮಗಳೇ,

ಬರೆಯುವುದಿಲ್ಲ ಅಂದದ್ದು ನೀನು. ಓದುವುದಿಲ್ಲ ಅಂದಿಲ್ಲ. ಅದನ್ನು ನಂಬಿ ಬರೆಯುತ್ತಿದ್ದೇನೆ.

ಸ್ಟೇಷನ್ನಿಗೆ ಹೋಗಿದ್ದೆ. ಜೇಬಿನ ಆ ಸಾಲನ್ನು ಮ್ಯಾನೇಜರ್ ಮುಂದಿಟ್ಟೆ. ಓದಿ, ನಗುತ್ತ ವಾಪಸ್ ಕೊಟ್ಟರು. "ಈಗ ಹೊಸಬರು ಬಂದಾಗಿದೆಯಲ್ಲ ಯಜಮಾನ್ರೇ. ನೀವು ಹೇಳಿದ ಹಾಗೇ ಮಾಡಿದೀವಿ" ಅಂದರು. ಅವರ ಕುರ್ಚಿಯ ಕೈ ಹರಿದಿತ್ತು. ಜೀವನದಲ್ಲಿ ಮೊದಲ ಸಲ, ಹರಿದದ್ದು ಕಂಡೂ ರಿಪೇರಿ ಮಾತೆತ್ತದೆ ಎದ್ದು ಬಂದೆ.

ಗ್ಯಾಲರಿಗೆ ಏನು ಕಾಣುತ್ತದೆ ಏನು ಕಾಣುವುದಿಲ್ಲ ಎಂದು ಒಂದು ವಿವರಣೆ ಬರೆದು, ಇದನ್ನಾದರೂ ಓದಿ ಅಂತ ಕೊಟ್ಟುಬಂದಿದ್ದೆ. ಈ ಸಲ ಮೆತ್ತಗೆ ಬರೆಯಲಿಲ್ಲ. ಹೊಸ ಕಾಮೆಂಟರಿಯವನು ಓದಿದ. ಅವನು ಒಳ್ಳೆಯವನೇ, ಧ್ವನಿ ಸಕ್ಕರೆ ಪಾಕ. ಈ ಊರಿನವನಲ್ಲ, ಅವನಿಗೆ ಕಟ್ಟಡ ಅಂದರೆ ಕಟ್ಟಡ, ಟ್ಯಾಂಕು ಅಂದರೆ ನೀರು. ಉದ್ದವಾಯಿತು ಅಂತ ನಡುವಿನದೆಲ್ಲ ಬಿಟ್ಟು, "ಮೂರನೇ ಗ್ಯಾಲರಿಯವರು ಅಂದಿನ ತಮ್ಮ ವರ್ತನೆಗೆ ವಿಷಾದಿಸಿದ್ದಾರೆ, ದೊಡ್ಡ ಮನಸ್ಸು" ಅಂದ. ಹಿಂದೆ ಒಂದು ಟೈರಿನ ಹಾಡು, ಮುಂದೆ ಒಂದು ಟೈರಿನ ಹಾಡು. ಹೀಗೆ ಮಾಡದ ತಪ್ಪನ್ನು ನಾವು ಅಧಿಕೃತವಾಗಿ ಒಪ್ಪಿಕೊಂಡಾಯಿತು. ನರ್ಸಮ್ಮ ನನ್ನ ಅಂಗಡಿಗೇ ಬಂದು, "ಅಣ್ಣಾ, ನೀವು ಇನ್ಮೇಲೆ ಏನೂ ಬರೀಬೇಡಿ" ಅಂದರು. ಸರಿಯಾದ ಮಾತು. ಆದರೂ ನಿನಗೆ ಬರೆಯುತ್ತಿದ್ದೇನೆ.

ಆಮೇಲೆ ಅಗುಳಿಯನ್ನು ಹುಡುಕಿಕೊಂಡು ಹೋದೆ. ಒಂದು ಶಾಲೆಯ ಹೊರಗೋಡೆಗೆ ತಿಳಿಹಸಿರು ಬಳಿಯುತ್ತಿದ್ದ, ಏಣಿಯ ಮೇಲಿನ ಮೆಟ್ಟಿಲಲ್ಲಿ. ನನ್ನನ್ನು ನೋಡಿ, "ಬಂದ್ಯಾ ಕುಶನ್. ಏಣಿ ಸ್ವಲ್ಪ ಹಿಡ್ಕೋ, ಇಲ್ಲಿ ನೆಲ ಸರಿ ಇಲ್ಲ" ಅಂದ. ಹಿಡಿದುಕೊಂಡೆ. ಹಿಡಿದುಕೊಂಡೇ ಎಲ್ಲ ಹೇಳಿದೆ. ಕೆಂಪು, ಕಪ್ಪು, ಕಂಡಕ್ಟರ್, ಎಲ್ಲ. ಅವನು ಬ್ರಷ್ಷು ನಿಲ್ಲಿಸಲಿಲ್ಲ. ನಾನು ಮುಗಿಸಿದ ಮೇಲೆ, "ಗೊತ್ತು ಕಣಯ್ಯಾ" ಅಂದ.

"ಏನು ಗೊತ್ತು?"

"ಆ ಕಟ್ಟಡ ಎದ್ದಾಗ್ಲಿಂದ ನಿಮಗೆ ನಾನು ಕಾಣಲ್ಲ, ನಂಗೆ ನೀವು ಕಾಣಲ್ಲ. ಇಷ್ಟು ವರ್ಷ ಅಲ್ಲಿ ನಿಂತವನಿಗೆ ಅದು ಗೊತ್ತಿಲ್ದೆ ಇರುತ್ತಾ? ಮನೆಗೆ ಹೋಗಿ ಕೂತ ಮೇಲೆ ಎಲ್ಲ ಹೊಳೀತು. ಯಾರೋ ಏನೋ ತಪ್ಪು ಹೇಳಿರ್ಬೇಕು ಅಂತ."

"ಮತ್ತೆ ವಾಪಸ್ ಬಾರಪ್ಪ. ಗೊತ್ತಿದ್ದ ಮೇಲೆ ಇನ್ನೇನು."

ಅವನು ಡಬ್ಬಿಯ ಅಂಚಿಗೆ ಬ್ರಷ್ಷು ಒರೆಸಿದ. "ಆ ಕಡೆ ನಿಂತಾಗೆಲ್ಲ ನಾನು ನಿಮ್ಮನ್ನ ಕಿವಿಯಲ್ಲೇ ನೋಡ್ತಿದ್ದೆ ಕುಶನ್. ಅವತ್ತೂ ಕಿವಿಯಲ್ಲೇ ನೋಡ್ದೆ. ತಲೆಗೆ ಗೊತ್ತು. ಕಿವಿಗೆ ಹೇಗೆ ಹೇಳೋದು ಅದನ್ನ? ಈಗ ಗೋಲಲ್ಲಿ ನಿಂತ್ರೆ ಮೊದಲು ಅದೇ ಕೇಳ್ಸುತ್ತೆ."

ನಾನು ಏಣಿಯ ಕಾಲಿಗೆ ಒಂದು ಕಲ್ಲು ಒತ್ತಿಟ್ಟೆ. ಪಾಪ ಅನ್ನಿಸಿತೋ ಏನೋ, ಅವನೇ ಮಾತು ತೆಗೆದ. "ನಿನ್ನ ಮಗಳು ಹೇಗಿದಾಳೆ? ಅವಳು ಹೇಳಿದ್ದು ಸರಿಯಾಗೇ ಇತ್ತು. ಎಡಗಡೆ ನಾನು ಲೇಟು. ಅವಳು ಫೋನ್ ಮಾಡಿದ್ಲು, ಕೈಯೆಲ್ಲ ಬಣ್ಣ ಇತ್ತು, ಆಮೇಲೆ ಮಾಡೋಣ ಅಂತ ಬಿಟ್ಟೆ. ಈ ಸೀಸನ್ ಮುಗಿಸಿ ನಾನೇ ಬಿಡೋನಿದ್ದೆ. ಅರ್ಜಿ ಬರೆಯೋ ಮುಂಚೆ ನನ್ನ ಒಂದು ಮಾತು ಕೇಳಿದ್ರೆ ಹೇಳ್ತಿದ್ದೆನಲ್ಲಯ್ಯಾ."

ಆಮೇಲೆ, "ಏಣಿ ಗಟ್ಟಿ ಹಿಡ್ಕೋ, ಕೆಳಗೆ ಬರ್ತೀನಿ" ಅಂದ. ಬಂದ. ಏಣಿಯನ್ನು ಹೆಗಲ ಮೇಲೆ ಹಾಕಿಕೊಂಡು ಗೋಡೆಯ ಆ ಕಡೆಗೆ ಹೋದ. ನಾನು ಏನು ಮಾಡಲೂ ತೋಚದೆ ಅವನ ಬಣ್ಣದ ಡಬ್ಬಿ ಎತ್ತಿಕೊಂಡು ಹಿಂದೆ ಹೋದೆ. ಕತ್ತಲಾಗುವ ತನಕ ಏಣಿ ಹಿಡಿದಿದ್ದೆ. ಅದಕ್ಕಿಂತ ಹೆಚ್ಚು ಏನೂ ಮಾಡಲಾಗಲಿಲ್ಲ.

ಅಪ್ಪ

~

ಡಿಸೆಂಬರ್ 12

ಮಗಳೇ,

ನಿನ್ನ ಪತ್ರವಿಲ್ಲ. ಇರಲಿ. ಸೀಸನ್ ಮುಗಿಯಿತು, ಹಾಗಾಗಿ ಯಾರಿಗೆ ಏನು ಸಿಕ್ಕಿತು ಅಂತ ಬರೆದು ಮುಗಿಸುತ್ತೇನೆ. ಕಳೆದುಕೊಂಡದ್ದನ್ನು ಬರೆಯುವುದಿಲ್ಲ, ಅದು ಇಬ್ಬರಿಗೂ ಗೊತ್ತು.

ಸಕ್ಕರೆ ಪಾಕದವನಿಗೆ ನಿನ್ನ ಕುರ್ಚಿ ಸಿಕ್ಕಿತು. ಅವನು ಯಾರನ್ನೂ ಏನೂ ಅನ್ನುವುದಿಲ್ಲ. ಸೋತಾಗಲೂ "ಒಳ್ಳೆಯ ಪ್ರಯತ್ನ" ಅನ್ನುತ್ತಾನೆ. ಟೈರಿನವರಿಗೆ ಇನ್ನೂ ಒಂದು ಹಾಡಿಗೆ ಜಾಗ ಸಿಕ್ಕಿತು.

ಗೋಲಿನಲ್ಲಿ ನಿಲ್ಲುವ ಕೆಲಸ ಒಬ್ಬ ಉದ್ದ ಕೈಯವನಿಗೆ ಸಿಕ್ಕಿತು. ಎಡಕ್ಕೂ ಬೀಳುತ್ತಾನೆ, ಬಲಕ್ಕೂ ಬೀಳುತ್ತಾನೆ. ಅವನಿಗೆ ಇನ್ನೂ ಯಾರೂ ಅಡ್ಡಹೆಸರು ಇಟ್ಟಿಲ್ಲ.

ಕಂಡಕ್ಟರನಿಗೆ ಬೇರೆ ರೂಟು ಸಿಕ್ಕಿತು, ಅವನೇ ಕೇಳಿ ತೆಗೆದುಕೊಂಡ. ಅಲ್ಲಿ ಫುಟ್‌ಬಾಲ್ ನೋಡುವವರು ಕಡಿಮೆ. ಕೊನೆಯವರು ಹತ್ತಿ ಕೂರುವ ತನಕ ಕಾಯುತ್ತಾನಂತೆ, ಬಸ್ಸು ದಿನವೂ ತಡ.

ಸಲೂನಿನವನಿಗೂ ನರ್ಸಮ್ಮನಿಗೂ ನಾನು ಬಿಟ್ಟ ಸಂಘ ಸಿಕ್ಕಿತು. ಇಬ್ಬರೂ ಅಧ್ಯಕ್ಷರಾಗಲು ಒಲ್ಲೆ ಅನ್ನುತ್ತಿದ್ದಾರೆ.

ಮೂರನೇ ಗ್ಯಾಲರಿಗೆ ಇಡೀ ಮೈದಾನ ಸಿಕ್ಕಿತು. ಗಲಾಟೆಯವರು ಅಂತ ಕ್ಲಬ್‌ನವರು ನಮ್ಮ ಗ್ಯಾಲರಿ ಮುಚ್ಚಿಸಿ, ಕಣ್ಣೆದುರಿಗೇ ಇರಲಿ ಅಂತ ಎಲ್ಲರನ್ನೂ ಒಂದನೇ ಗ್ಯಾಲರಿಗೆ ಹಾಕಿದ್ದಾರೆ. ಈಗ ಎರಡೂ ಗೋಲು ಕಾಣುತ್ತವೆ. ಪಕ್ಕದವರ ಮುಖ ನೋಡುವ ಅಗತ್ಯ ಬೀಳುವುದಿಲ್ಲ, ಯಾರೂ ನೋಡುವುದೂ ಇಲ್ಲ.

ಅಗುಳಿಗೆ ಶನಿವಾರಗಳು ಸಿಕ್ಕವು.

ನಿನ್ನ ಅಮ್ಮನಿಗೆ ವಾರಕ್ಕೊಮ್ಮೆ ನಿನ್ನ ಫೋನು. ಅಡುಗೆಮನೆಯಲ್ಲಿ ಮಾತಾಡುತ್ತಾಳೆ, ಬಾಗಿಲು ಹಾಕಿಕೊಂಡು. ಏನು ಅಂತ ನನಗೆ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ.

ನಿನಗೆ ಬೆಳಗಿನ ವಾಹನ ಸಂಚಾರದ ಸುದ್ದಿ ಸಿಕ್ಕಿದೆ. ಇದನ್ನು ನನಗೆ ಯಾರೂ ಹೇಳಲಿಲ್ಲ. ಹೋದ ವಾರ ಅಂಗಡಿ ಬಾಗಿಲು ತೆಗೆದು ರೇಡಿಯೋದ ಗುಂಡಿ ತಿರುಗಿಸುತ್ತಿದ್ದಾಗ, ಯಾವುದೋ ಸೇತುವೆಯ ಹತ್ತಿರ ಲಾರಿ ಕೆಟ್ಟು ನಿಂತಿದೆ, ಎಡಗಡೆಯಿಂದ ಸುತ್ತಿಕೊಂಡು ಹೋಗಿ ಅಂದೆ ನೀನು. ಕೊನೇ ಸಾಲಿನವರಿಗೂ ಕೇಳುವ ಹಾಗೆ ಅಂದೆ.

ನನಗೆ ಸಿಕ್ಕಿದ್ದು ಅದು. ದಿನವೂ ಬೆಳಿಗ್ಗೆ, ನಾನು ಎಂದೂ ಹೋಗದ ರಸ್ತೆಗಳು.

ಅಪ್ಪ